ಅವ್ವಣ್ಣನ ಯಕೃತ್ತಿಗೆ ಬಂದ ವೈರಸ್ಸು

ನಮ್ಮ ಪಕ್ಕದ ಮನೆಯ ಅವ್ವಣ್ಣನಷ್ಟು ಮೆತ್ತಗಿನ ಮನುಷ್ಯನನ್ನು ನಾನು ಪುಣೆಯಲ್ಲಿ ಕಂಡಿಲ್ಲ. ಅವನ ಮೇಲೆ ಬಂದಷ್ಟು ಸಿಟ್ಟೂ ಯಾರ ಮೇಲೂ ಬಂದಿಲ್ಲ. ರವಿವಾರ ಪೇಟೆಯಲ್ಲಿ ಇಳಕಲ್ ಸೀರೆ ಮಾರುತ್ತಾನೆ. ಹುಟ್ಟಿನಿಂದ ಹಿಮೋಫಿಲಿಯಾ, ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಆ ದೋಷ ತನ್ನಿಂದಲೇ ಮಗನಿಗೆ ಬಂತೆಂದು ತಾಯಿ ಶಿವಬಸವ್ವ ಜೀವಮಾನವಿಡೀ ತನ್ನನ್ನೇ ಶಪಿಸಿಕೊಂಡವಳು.

ಕಳೆದ ವರ್ಷ ಅವನಿಗೆ ಹೊಸ ಮದ್ದು ಸಿಕ್ಕಿತು. ವೈರಸ್ಸೊಂದರ ಒಳಗಿನದನ್ನೆಲ್ಲ ತೆಗೆದು, ಬರೀ ಚಿಪ್ಪಿನೊಳಗೆ ಸರಿಯಾದ ಜೀನು ತುಂಬಿ ರಕ್ತಕ್ಕೆ ಬಿಡುತ್ತಾರೆ. ಆ ಚಿಪ್ಪು ಯಕೃತ್ತಿನ ಜೀವಕೋಶಗಳಿಗೆ ಅಂಟಿ, ಒಳಹೊಕ್ಕು, ಜೀನನ್ನು ಕೋಶದ ನಡುಮನೆಗೆ ಮುಟ್ಟಿಸಿ ಕರಗಿಹೋಗುತ್ತದೆ. ಆಮೇಲೆ ರಕ್ತಕ್ಕೆ ಬೇಕಾದ ಅಂಶವನ್ನು ಯಕೃತ್ತೇ ತಯಾರಿಸುತ್ತದೆ. ಆದರೆ ಮೈಯ ರೋಗನಿರೋಧಕ ಶಕ್ತಿ ಕೆರಳಿದರೆ ಆ ಕೋಶಗಳನ್ನೇ ಕೊಲ್ಲುತ್ತದೆ. ಅದನ್ನು ತಣ್ಣಗಿಡಲು ಗುಳಿಗೆ ನುಂಗಬೇಕು. ಈ ಮದ್ದು ಒಂದೇ ಸಲ, ಏಕೆಂದರೆ ಮೈ ಆ ಚಿಪ್ಪನ್ನು ಮರೆಯುವುದಿಲ್ಲ.

ಗುಳಿಗೆಯಿಂದ ಮಗನ ಮುಖ ಊದಿದ್ದು ನೋಡಿ ಶಿವಬಸವ್ವ ಕಂಗಾಲಾದಳು. ಕೊರೊನಾ ಕಾಲದಲ್ಲಿ ಮನೆಮಂದಿಗೆಲ್ಲ ಕುಡಿಸಿದ್ದ ಅಮೃತಬಳ್ಳಿಯ ಕಷಾಯವನ್ನು ಮತ್ತೆ ಶುರುಮಾಡಿದಳು, ಶಕ್ತಿ ಬರಲೆಂದು. ಅವ್ವಣ್ಣ ಬೇಡವೆನ್ನಲಿಲ್ಲ. ಅವನ ಕಣ್ಣು ಹಳದಿಗೆ ತಿರುಗಿದಾಗ ನನಗೆ ಭಯವಾಗಿ, ನಾನೇ ಇಬ್ಬರನ್ನೂ ಆಸ್ಪತ್ರೆಗೆ ಎಳೆದೊಯ್ದೆ.

ಕಷಾಯವೇ ಮೈಯನ್ನು ಕೆರಳಿಸಿರಬೇಕು, ಹೊಸ ಜೀನು ಹೊತ್ತ ಕೋಶಗಳು ಬಹುತೇಕ ಸತ್ತಿವೆ, ಈ ಮದ್ದನ್ನು ಮತ್ತೆ ಕೊಡಲೂ ದಾರಿಯಿಲ್ಲ ಎಂದು ಡಾಕ್ಟರ್ ಸುಲಭಾ ಮರಾಠಿಯಲ್ಲಿ ಹೇಳಿದರು. ಶಿವಬಸವ್ವಗೆ ಮರಾಠಿ ಬಾರದು. ಏನಂದರು ಎಂದು ಮಗನ ಮುಖ ನೋಡಿದಳು.

"ಎಲ್ಲಾ ಛಲೋ ಅದ ಅಂತಾರವ್ವಾ," ಎಂದುಬಿಟ್ಟ ಪುಣ್ಯಾತ್ಮ.

ಹೊರಗೆ ಬಂದು ಬಾಯಿಗೆ ಬಂದಂತೆ ಬೈದೆ. ನಿಜ ಗೊತ್ತಾದರೆ ಅವ್ವ ಉಳಿಯುವುದಿಲ್ಲ ಎಂದ.

ಮರುದಿನವೇ ಶಿವಬಸವ್ವ ದೌಂಡದ ಮಗಳ ಮನೆಗೆ ಹೊರಟಳು. ಅಲ್ಲಿ ಮೊಮ್ಮಗ ಸ್ವಪ್ನಿಲ್‌ಗೂ ಇದೇ ರೋಗ, ಇದೇ ಮದ್ದನ್ನು ಆಗಷ್ಟೇ ಕೊಟ್ಟಿದ್ದರು. ಅದನ್ನು ಅವ್ವಣ್ಣ ನನಗೆ ಹೇಳಲೇ ಇಲ್ಲ. ಬಳ್ಳಿ ತುಂಬಿದ ಚೀಲವನ್ನು ರೈಲಿಗೇರಿಸಿ ಬಂದವನೂ ಅವನೇ.

ಮೊನ್ನೆ ಅವನ ಅಂಗಡಿಯಲ್ಲಿ ಕೂತಿದ್ದಾಗ ಅವಳ ಫೋನು ಬಂತು. ಅವಳ ದನಿ ನನಗೂ ಕೇಳುತ್ತಿತ್ತು.

"ಸ್ವಪ್ನಿಲ್‌ನ ಕಣ್ಣು ಹಳದಿ ಆಗ್ಯಾವ. ಅಕ್ಕ ಭಾಳ ಅಂಜ್ಯಾಳ, ದವಾಖಾನಿಗೆ ಹೋಗೂಣು ಅಂತಾಳ. ನಿನಗೂ ಹಿಂಗ ಆಗಿ ಛಲೋ ಆತಲ್ಲ, ಬ್ಯಾಡ ಅಂದು ಕುಂದರಿಸೀನಿ."