ಭಾಮೈದನ ಪಾಲು

ಬ್ಯಾಂಡಿನವರು ಅವನ ಹೆಸರು ಮರೆತು ಎಷ್ಟೋ ವರ್ಷವಾಗಿತ್ತು. ಎಲ್ಲರ ಬಾಯಲ್ಲೂ ಅವನು ಆಲ್‌ರೌಂಡರ್. ಅವನ ವಾದ್ಯ ಟ್ರಂಪೆಟ್. ಆದರೆ ಟ್ರಾಂಬೋನಿನವನು ಮದುವೆಗೆ ಹೋದರೆ ಟ್ರಾಂಬೋನ್, ಯುಫೋನಿಯಂನವನು ಕುಡಿದು ಮಲಗಿದರೆ ಯುಫೋನಿಯಂ, ಯಾವುದನ್ನು ಕೈಗೆ ಕೊಟ್ಟರೂ ಊದುತ್ತಿದ್ದ. ಒಂಟಿಯಾಗಿ ಊದಿ ಚಪ್ಪಾಳೆ ಗಿಟ್ಟಿಸುವ ಚಪಲ ಮಾತ್ರ ಇರಲಿಲ್ಲ. ಬ್ಯಾಂಡ್ ಮಾಸ್ಟರು ಬಲವಂತ ಮಾಡಿದರೆ ಹೊಸ ಮದುಮಗಳಂತೆ ತಲೆ ತಗ್ಗಿಸುತ್ತಿದ್ದ. ಪಕ್ಕದವನು ಉಸಿರೆಳೆದುಕೊಳ್ಳುವಾಗ ತಾನು ಸ್ವರ ಹಿಡಿದಿರಬೇಕು, ತಾನು ಎಳೆದುಕೊಳ್ಳುವಾಗ ಅವನು ಹಿಡಿದಿರಬೇಕು, ಕೇಳುವವರಿಗೆ ಸಂದು ಗೊತ್ತಾಗಬಾರದು. ಅವನ ಸುಖವೆಲ್ಲ ಅದರಲ್ಲಿತ್ತು.

ಪಕ್ಕದ ಕುರ್ಚಿ ಭಾಮೈದನದು, ಹೆಂಡತಿಯ ಒಬ್ಬನೇ ತಮ್ಮ. ಅವನಿಗೆ ಟ್ರಂಪೆಟ್ ಹಿಡಿಯಲು ಕಲಿಸಿದ್ದೂ, ಮಾಸ್ಟರ ಕೈಕಾಲು ಹಿಡಿದು ಬ್ಯಾಂಡಿಗೆ ಸೇರಿಸಿದ್ದೂ ಇವನೇ. ರಾಗವೆಲ್ಲ ಭಾಮೈದನ ಪಾಲಿಗೆ, ಅದರಡಿಯ ಜೊತೆಸ್ವರ ಇವನ ಪಾಲಿಗೆ. ತಾನಾಗಿಯೇ ಹಾಗೆ ಬಿಟ್ಟುಕೊಟ್ಟಿದ್ದ.

ಮಳೆಗಾಲದ ಕೊನೆಗೆ ಭಾಮೈದನಿಗೆ ಕೆಮ್ಮು ಹತ್ತಿತು. ಉದ್ದದ ಸ್ವರ ಬಂದಾಗ ಮುಖ ಬಿಳಚಿಕೊಳ್ಳುತ್ತಿತ್ತು. ಯಾರ ಸ್ವರ ಸೊರಗಿದರೂ ಮಾಸ್ಟರು ಅವತ್ತೇ ಡಾಕ್ಟರ ಹತ್ತಿರ ಅಟ್ಟುತ್ತಿದ್ದರು. ಎದೆ ಸರಿಯಿಲ್ಲವೆಂದು ಡಾಕ್ಟರು ಹೇಳಿದರೆ ಊದುವುದು ಬಂದ್.

"ಭಾವ, ಮಾಸ್ಟರಿಗೆ ಹೇಳ್ಬೇಡಿ. ತಾಳ ಬಡಿಯೋಕೆ ನಿಲ್ಲಿಸಿಬಿಡ್ತಾರೆ," ಎಂದ ವಾದ್ಯಗಳನ್ನಿಡುವ ಕೋಣೆಯಲ್ಲಿ. "ಅಕ್ಕಂಗೂ ಬೇಡ."

"ಡಾಕ್ಟರಿಗೆ ತೋರಿಸ್ಬಾರ್ದಾ?"

"ನೆಗಡಿ ಅಷ್ಟೆ. ಇಳಿಯೋ ತನಕ ಸ್ವಲ್ಪ ಸಂಭಾಳಿಸಿ."

ಸಂಭಾಳಿಸುವುದೆಂದರೆ ಇವನಿಗೆ ನೀರು ಕುಡಿದಷ್ಟು ಸುಲಭ. ಮಾರನೆಯ ದಿನದಿಂದ ಭಾಮೈದನ ರಾಗವನ್ನು ತಾನೇ ಊದಿದ, ಅವನದೇ ರೀತಿಯಲ್ಲಿ, ಸ್ವರದ ಕೊನೆಯನ್ನು ಕೊಂಚ ನಡುಗಿಸಿ. ರಾಗ ತಂಗಿದ ಕಡೆ ತನ್ನ ಜೊತೆಸ್ವರ ತುರುಕಿದ. ಭಾಮೈದ ಕೆನ್ನೆ ಉಬ್ಬಿಸಿ ಬೆರಳಾಡಿಸುತ್ತ ಕೂರುತ್ತಿದ್ದ. ಮಾಸ್ಟರಂಥ ಮಾಸ್ಟರ ಕಣ್ಣಿಗೇ ಮಣ್ಣೆರಚಿದೆವೆಂದು ಇಬ್ಬರೂ ದಾರಿಯುದ್ದಕ್ಕೂ ನಗುತ್ತಿದ್ದರು. ನಿಜ ಹೇಳಬೇಕೆಂದರೆ, ಅಷ್ಟು ಖುಷಿಯಿಂದ ಇವನು ಯಾವತ್ತೂ ಊದಿರಲಿಲ್ಲ. ಆ ಖುಷಿಯೇ ಮುಳುವಾಯಿತು. ನೆಗಡಿ ಇಳಿಯಿತೇ ಎಂದು ಕೇಳುವುದನ್ನೂ ಬಿಟ್ಟುಬಿಟ್ಟ, ಪುಣ್ಯಾತ್ಮ.

ಚಳಿ ಬಿದ್ದ ಮೇಲೆ ಒಂದು ಸಂಜೆ, ಅಭ್ಯಾಸದ ನಡುವೆ, ಭಾಮೈದ ಕುರ್ಚಿಯಿಂದ ಜಾರಿದ. ಟ್ರಂಪೆಟ್ಟಿನ ಬಾಯಲ್ಲಿ ರಕ್ತವಿತ್ತು. ರಾಗ ನಿಂತಿರಲಿಲ್ಲವಾದ್ದರಿಂದ ಯಾರೂ ತಕ್ಷಣ ತಿರುಗಿ ನೋಡಲಿಲ್ಲ. ಇವನು ಕಣ್ಣು ಮುಚ್ಚಿ ಊದುತ್ತಲೇ ಇದ್ದ.

"ಮುಂಚೇನೇ ಕರ್ಕೊಂಡು ಬಂದಿದ್ರೆ ಉಳಿಸ್ಬಹುದಿತ್ತು," ಎಂದರು ಆಸ್ಪತ್ರೆಯ ಡಾಕ್ಟರು. ಭಾಮೈದ ಆ ವಾರ ದಾಟಲಿಲ್ಲ.

ಎಲ್ಲ ಮುಗಿದ ಮೇಲೆ ಮಾಸ್ಟರು ಇವನ ಮನೆಗೆ ಬಂದು ಹೆಂಡತಿಯ ಎದುರು ಕುಳಿತರು.

"ಏನು ಹೇಳ್ಲಮ್ಮಾ. ಈಚೆಗೆ ನಿನ್ನ ತಮ್ಮ ಊದಿದ ಹಾಗೆ ಯಾರೂ ಊದಿದ್ದು ನಾನು ಕೇಳಿಲ್ಲ. ಸ್ವರ ಒಂಚೂರು ಕುಂದಿದ್ರೂ ನಾನೇ ಆಸ್ಪತ್ರೆಗೆ ಎಳ್ಕೊಂಡು ಹೋಗ್ತಿದ್ದೆ."

ಅವರು ಹೋದ ಮೇಲೆ ಅವಳು ಗೋಡೆಗೊರಗಿದಳು. ಅತ್ತು ಅತ್ತು ಊದಿದ್ದ ಮುಖದಲ್ಲಿ ಅಂದು ಮೊದಲ ಸಲ ಒಂದಿಷ್ಟು ಸಮಾಧಾನ ಕಂಡಿತು.

"ಹಾಗಾದ್ರೆ ಯಾರಿಗೂ ಗೊತ್ತಾಗೋ ಹಾಗೇ ಇರ್ಲಿಲ್ಲ, ಅಲ್ವೇನ್ರೀ? ಪಕ್ಕದಲ್ಲೇ ಕೂರ್ತಿದ್ದ ನಿಮಗೇ ಗೊತ್ತಾಗ್ಲಿಲ್ಲ."

ಬಾಯಿ ಮುಚ್ಚಿಕೊಂಡಿದ್ದರೆ ಆ ಸಮಾಧಾನ ಉಳಿಯುತ್ತಿತ್ತು. ಅವನಿಂದ ಆಗಲಿಲ್ಲ.

"ಊದಿದ್ದು ನಾನು," ಎಂದ.

ಅವಳು ಗೋಡೆ ಬಿಟ್ಟು ನೆಟ್ಟಗೆ ಕೂತಳು.

"ನನ್ನ ತಮ್ಮ ಸಾಯ್ತಾ ಇದ್ದದ್ದು ಯಾರಿಗೂ ಕೇಳಿಸ್ದೇ ಇರೋ ಹಾಗೆ ಊದಿದ್ರಿ."

ಅವನು ಹೌದೆಂದ.