ಹಾನಗಲ್ಲಿನ ಬಸ್ಸಿನಲ್ಲಿ ಖಾಲಿ ಸೀಟು

ಮಧ್ಯಯುಗದ ಇಂಗ್ಲಿಷ್ ಕಾವ್ಯ ಕಲಿಸುವವನು ನಾನು. ಅಲ್ಲಿ ವೀರಯೋಧನಾದವನು ತಾನು ಆರಾಧಿಸುವ ಹೆಣ್ಣಿನ ಅಪ್ಪಣೆಯನ್ನು ಮೀರುವಂತಿಲ್ಲ, ಅದು ಎಂಥ ಕಠಿಣವಾದದ್ದಾದರೂ ಸರಿ. ಅಂದು ಹಾನಗಲ್ಲಿನ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿ ಶಿಗ್ಗಾಂವಿಯ ಬಸ್ಸು ಹತ್ತಿದ್ದೆ. ತುಂಬು ಬಸುರಿಯೊಬ್ಬಳು ನನ್ನ ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದಳು. ನಾನು ಎದ್ದುನಿಂತೆ.

"ಬಾ ತಂಗಿ, ಕುಂದ್ರು."

ಆಕೆ ಅಲ್ಲಾಡಲಿಲ್ಲ. ಆಚೆ ಸೀಟಿನಲ್ಲಿ ಕುಳಿತಿದ್ದ ಹಿರಿಯರು ಅಂದರು: "ಆಕಿ ನಮ್ಮ ಸೊಸಿರಿ. ಮಾವನ ಮುಂದ ಸೊಸಿ ಕುಂದ್ರಂಗಿಲ್ಲ, ನಮ್ಮ ಮನಿ ಪದ್ಧತಿ."

"ಹೊಟ್ಟ್ಯಾಗ ಕೂಸು ಐತಿ. ಇದ್ಯಾವ ಪದ್ಧತಿರಿ?" ಎಂದು ದನಿ ಏರಿಸಿದೆ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಸೀಟು ಮಾತ್ರ ಖಾಲಿಯೇ ಉಳಿಯಿತು.

ಆಕೆ ತಲೆಯ ಮೇಲೆ ಸೆರಗೆಳೆದುಕೊಂಡು ಪಿಸುಗುಟ್ಟಿದಳು: "ನಿಮ್ಮ ಕಾಲಿಗೆ ಬೀಳ್ತೇನ್ರಿ ಸರ್, ಕುಂದರ್ರಿ. ಮನಿಗಿ ಹೋದಮ್ಯಾಲ ಬೈಸ್ಕೊಳ್ಳಾಕಿ ನಾನು."

ಹೆಣ್ಣಿನ ಅಪ್ಪಣೆ. ಕುಳಿತೆ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಆಕೆ ಒಂದು ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಶಿಗ್ಗಾಂವಿಯಲ್ಲಿ ಇಳಿಯುವಾಗ ಹಿರಿಯರು ನನ್ನ ಭುಜ ತಟ್ಟಿದರು: "ಶಾಣ್ಯಾ ಮಂದಿರಿ ನೀವು. ಹೆಣ್ಮಕ್ಕಳ ಮಾನ ಕಾಯೋದು ಗೊತ್ತೈತಿ ನಿಮಗ."

ಇಷ್ಟು ವರ್ಷ ಪಾಠ ಮಾಡಿದ ನನಗೆ ಅಂಥ ಹೊಗಳಿಕೆ ಸಿಕ್ಕಿದ್ದು ಅದೊಂದೇ ಸಲ.