ಹೇಳಿಕೊಳ್ಳುವಂಥದ್ದು ಏನಿಲ್ಲ

ನಾನು ಏನು ಮಾರುತ್ತೇನೆಂದು ನನ್ನ ಅತ್ತೆಗೆ ಇಂದಿಗೂ ಗೊತ್ತಿಲ್ಲ. ಅದು ಅವರ ತಪ್ಪಲ್ಲ. ಇಷ್ಟು ವರ್ಷಗಳಿಂದ ಅದನ್ನೇ ಮಾರುತ್ತಿರುವ ನನಗೂ ಒಂದು ವಾಕ್ಯದಲ್ಲಿ ಹೇಳಲು ಬರುವುದಿಲ್ಲ. ಮದುವೆ ಊಟದಲ್ಲಿ ಪಕ್ಕದ ಎಲೆಯವರು "ನೀವ್ ಎಂತ ಮಾಡ್ಕಂಡಿದ್ರಿ?" ಎಂದು ಕೇಳಿದರೆ ಮುಗಿಯಿತು. ಪಂಕ್ತಿಗೆ ಪಾಯಸ ಬಂದಿರುತ್ತದೆ, ನನ್ನ ವಿವರಣೆ ಇನ್ನೂ ಸಾರಿನಲ್ಲೇ ಇರುತ್ತದೆ.

ನಿಮಗಾದರೂ ಹೇಳಿಬಿಡುತ್ತೇನೆ. ಮನೆ ಕಟ್ಟುವ ಆಚಾರಿ ಬಾಗಿಲು ಮಾಡುತ್ತಾನೆ, ಅದನ್ನು ಚೌಕಟ್ಟಿಗೆ ಜೋಡಿಸುವ ಬಿಜಾಗರಿಯನ್ನು ಪೇಟೆಯಿಂದ ತರುತ್ತಾನೆ. ಹಾಗೆಯೇ ಕಂಪ್ಯೂಟರಿನ ಪ್ರೋಗ್ರಾಂ ಬರೆಯುವವರಿಗೂ ಬಿಜಾಗರಿಗಳು ಬೇಕಾಗುತ್ತವೆ. ತಾರೀಖು ಆರಿಸಲು ಪರದೆಯ ಮೇಲೆ ಒಂದು ಪುಟ್ಟ ಕ್ಯಾಲೆಂಡರ್ ತೆರೆದುಕೊಳ್ಳುತ್ತದಲ್ಲ, ಅಂಥದ್ದೊಂದನ್ನು ನಾನು ಬರೆದಿದ್ದೆ. ಪ್ರೋಗ್ರಾಂ ಬರೆಯುವವರು ಅದನ್ನು ಕೊಂಡು ತಮ್ಮದಕ್ಕೆ ಜೋಡಿಸಿಕೊಳ್ಳಬೇಕು. ಇಷ್ಟೇ ವ್ಯಾಪಾರ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ಕುಂದಾಪುರದಲ್ಲಿ ಒಬ್ಬ ಟೈಲರ್ ಅಂಗಡಿಯ ಮಹಡಿಯ ಮೇಲೆ ಕೋಣೆ ಹಿಡಿದು, "ಸಾಫ್ಟ್‌ವೇರ್ ಬಿಡಿಭಾಗಗಳ ಮಾರಾಟ" ಎಂದು ಬೋರ್ಡು ಬರೆಸಿದೆ. ಬರೆದವನಿಗೆ ಮೊದಲ ಶಬ್ದದ ಮೇಲೆ ನಂಬಿಕೆ ಇರಲಿಲ್ಲವೋ ಏನೋ, ಅದನ್ನು ಸಾಸಿವೆ ಗಾತ್ರದಲ್ಲಿ ಬರೆದು, "ಬಿಡಿಭಾಗ"ವನ್ನು ಬಸ್ಸಿನಿಂದಲೂ ಓದಲು ಬರುವಷ್ಟು ದಪ್ಪವಾಗಿ ಬರೆದ.

ಪರಿಣಾಮವಾಗಿ ನನ್ನ ಮೊದಲ ಗಿರಾಕಿ ತ್ರಾಸಿ ಕಡೆಯ ಒಬ್ಬ ದೋಣಿಯವರು. ಗ್ರೀಸು ಮೆತ್ತಿದ ಕಬ್ಬಿಣದ ತುಂಡೊಂದನ್ನು ನನ್ನ ಕೀಬೋರ್ಡಿನ ಪಕ್ಕ ಇಟ್ಟು, "ಹ್ವಾಯ್, ಇದ್ರ್ ಜೋಡಿದ್ ಒಂದ್ ಸಿಕ್ಕತ್ತಾ?" ಎಂದರು. ನಾನು ಮಾರುವುದು ಕೈಯಲ್ಲಿ ಹಿಡಿಯುವ ವಸ್ತುವಲ್ಲ ಎಂದು ಬಹಳ ಹೊತ್ತು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಏಳುವಾಗ ಮಾತ್ರ, ನಿಜವಾದ ಮರುಕದಿಂದ, "ಹಿಡುಕ್ ಆಗ್ದಿದ್ದದ್ನ ಮಾರುಕೆ ಕೂಕಂಡಿದ್ರ್ಯಾ?" ಎಂದು ಕೇಳಿದರು.

ಅಂದರೆ ನನ್ನ ಗಿರಾಕಿ ಕುಂದಾಪುರದಲ್ಲೂ ಇಲ್ಲ, ಬೈಂದೂರಲ್ಲೂ ಇಲ್ಲ, ಸಮುದ್ರದಾಚೆ ಎಲ್ಲೋ ಇದ್ದಾನೆ. ಅವನಿಗೆ ಸುದ್ದಿ ಮುಟ್ಟಿಸಬೇಕು. ಪ್ರಚಾರ ಬೇಕು. ಈ ಶಬ್ದದ ಮೂಲ ಹುಡುಕಿದಾಗ ಒಂದು ತಮಾಷೆ ಸಿಕ್ಕಿತು: ಸಂಸ್ಕೃತದಲ್ಲಿ ಪ್ರಚಾರ ಎಂದರೆ ಅಡ್ಡಾಡುವುದು, ದನ ಮೇಯುವ ಬಯಲಿಗೂ ಅದೇ ಹೆಸರು. ನಾನೂ ಇಂಟರ್ನೆಟ್ಟಿನ ಬಯಲಿಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಬಿಟ್ಟೆ. ತಿಂಗಳುಗಟ್ಟಲೆ ಅದು ಅಡ್ಡಾಡಿತು, ಯಾರನ್ನೂ ಕರೆತರಲಿಲ್ಲ. ಪುಟದ ಅಡಿಯಲ್ಲಿ ಬಂದುಹೋದವರ ಸಂಖ್ಯೆ ತೋರಿಸುವ ಯಂತ್ರವೊಂದಿತ್ತು. ಅದರಲ್ಲಿ ಮುಕ್ಕಾಲು ಪಾಲು ನಾನೇ ಬಂದುಹೋದದ್ದು.

ಆ ಪುಟದಲ್ಲಿ ಏನು ಬರೆದಿದ್ದೆ ಎನ್ನುವುದೇ ಈ ಪ್ರಬಂಧದ ಮರ್ಮ. ನಮ್ಮ ಕಡೆ ಊಟಕ್ಕೆ ಕರೆದವರು, ಎಲೆಯ ತುದಿ ಕಾಣದಷ್ಟು ಬಡಿಸಿ, "ಎಂತ ಇಲ್ಲ, ಹೀಂಗೇ ಒಂದ್ ಗಂಜಿ ಊಟ" ಎನ್ನುತ್ತಾರೆ. ಕೇಳಿದವನು ಅದನ್ನು ನಂಬಬಾರದು, ನಂಬಿದರೆ ಅವನು ಈ ಊರಿನವನಲ್ಲ. ಯಕ್ಷಗಾನದ ಆಟದಲ್ಲಿ ರಾಕ್ಷಸನ ವೇಷ ಅರ್ಧ ಗಂಟೆ ತನ್ನ ಪರಾಕ್ರಮವನ್ನು ತಾನೇ ಹೊಗಳಿಕೊಳ್ಳುತ್ತದೆ. ಬೆಳಗ್ಗೆ ಬಣ್ಣ ತೆಗೆದ ಮೇಲೆ ಅದೇ ಕಲಾವಿದರಿಗೆ ನಾಲ್ಕು ಒಳ್ಳೆಯ ಮಾತು ಹೇಳಿ ನೋಡಿ, ನಾಚಿಕೆಯಿಂದ ಮುದುಡಿಹೋಗುತ್ತಾರೆ. ನಮ್ಮಲ್ಲಿ ಆತ್ಮಪ್ರಶಂಸೆಗೆ ಬಣ್ಣ ಹಚ್ಚಿಕೊಂಡಿರಬೇಕು. ನಾನು ಬರಿ ಮುಖದವನು. ಹಾಗಾಗಿ ನನ್ನ ಪುಟದ ಮೊದಲ ವಾಕ್ಯ ಹೀಗಿತ್ತು: "ಇದೊಂದು ಸಣ್ಣ ವಸ್ತು, ಇದರಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ." ಅಷ್ಟಕ್ಕೇ ಬಿಡದೆ, ಅದರಲ್ಲಿರುವ ಕುಂದುಗಳನ್ನೂ ಪಟ್ಟಿ ಮಾಡಿದ್ದೆ. ಮೂರನೆಯದು, ಫೆಬ್ರವರಿ ಇಪ್ಪತ್ತೊಂಬತ್ತನ್ನು ಆರಿಸಿ ಆಮೇಲೆ ವರ್ಷ ಬದಲಿಸಿದರೆ ತಾರೀಖಿನ ಪೆಟ್ಟಿಗೆ ಕಂಗಾಲಾಗಿ ಖಾಲಿಯಾಗುತ್ತದೆ ಎನ್ನುವುದು.

ಆ ಬೇಸಿಗೆಯಲ್ಲಿ ನನ್ನ ಹೆಂಡತಿ ಸುಮತಿಯ ಅಣ್ಣ ಮುಂಬಯಿಯಿಂದ ಬಂದರು. ಅವರು ನನಗೆ ಭಾವ, ನಾನು ಅವರಿಗೆ ಭಾವಯ್ಯ. ಅಲ್ಲಿ ಹೋಟೆಲು ನಡೆಸಿ ಗೆದ್ದವರು. ಪುಟವನ್ನು ಸುಮತಿಯಿಂದ ಓದಿಸಿ ಕೇಳಿ, ತಲೆಗೆ ಕೈ ಹಚ್ಚಿದರು.

"ಎಂತ ಬರ್ದಿದ್ರಿ ಭಾವಯ್ಯ ಇದ್? ನನ್ ಹೋಟ್ಲ್ ಬಾಗ್ಲಲ್ಲಿ 'ಇವತ್ತ್ ಸಾಂಬಾರಿಗೆ ಉಪ್ಪ್ ಕಮ್ಮಿ' ಅಂದ್ ಬೋರ್ಡ್ ಹಾಕ್ರೆ ಯಾರ್ ಬತ್ರ್?"

ಆಮೇಲೆ ಮೆತ್ತಗಿನ ದನಿಯಲ್ಲಿ ಇನ್ನೊಂದು ಮಾತು ಹೇಳಿದರು. ಹೋಟೆಲಿನ ಗಲ್ಲಾದಲ್ಲಿ ಕೂರಲು ನಂಬಿಕೆಯ ಜನ ಬೇಕಾಗಿದೆ, ಚೌತಿಯವರೆಗೆ ಕಾಯುತ್ತೇನೆ, ಅಷ್ಟರಲ್ಲಿ ವ್ಯಾಪಾರ ಕುದುರದಿದ್ದರೆ ಬಂದುಬಿಡಿ ಎಂದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನನಗೆ ಹೆದರಿಕೆಯಾಯಿತು. ಸುಮತಿಗೆ ಕೋಟದ ಶಾಲೆಯಲ್ಲಿ ಕೆಲಸ. ಅವಳು ಇಲ್ಲಿ, ನಾನು ಅಲ್ಲಿ. ವರ್ಷಕ್ಕೊಮ್ಮೆ ಪೆಟ್ಟಿಗೆ ಹಿಡಿದು ಬಂದು, ಸ್ವಂತ ಮನೆಯಲ್ಲಿ ನೆಂಟರ ಹಾಗೆ ಇದ್ದು ಹೋಗುವ ಗಂಡಂದಿರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲೊಬ್ಬ ಆಗುವುದು ನನಗೆ ಬೇಡವಾಗಿತ್ತು.

ಹೆದರಿಕೆಯಲ್ಲಿ ಮನುಷ್ಯ ಏನು ಬೇಕಾದರೂ ಬರೆಯುತ್ತಾನೆ. ಕುಂದುಗಳ ಪಟ್ಟಿ ಕಿತ್ತು ಹಾಕಿದೆ. "ಜಗತ್ತಿನಲ್ಲೇ ಅತ್ಯುತ್ತಮ ಕ್ಯಾಲೆಂಡರ್" ಎಂದು ಕೆಂಪಕ್ಷರದಲ್ಲಿ ಬರೆದೆ. ಜಗತ್ತಿನ ಉಳಿದ ಕ್ಯಾಲೆಂಡರ್‌ಗಳನ್ನು ನಾನು ಕಂಡಿರಲಿಲ್ಲ ಎನ್ನುವುದು ಬೇರೆ ಮಾತು. ಆ ಪುಟ ತೆರೆದಾಗಲೆಲ್ಲ, ಬೇರೆಯವರ ಅಂಗಿ ತೊಟ್ಟು ಪೇಟೆಗೆ ಹೊರಟಂತೆ ಮುಜುಗರವಾಗುತ್ತಿತ್ತು. ಈಗ ಜನ ಬಂದರು, ಪುಕ್ಕಟೆ ಮಾದರಿ ಇಳಿಸಿಕೊಂಡರು, ಹೋದರು. ಕೊಂಡವರಿಲ್ಲ. ಸಣ್ಣದು ಎಂದರೂ ಕೊಳ್ಳುವುದಿಲ್ಲ, ದೊಡ್ಡದು ಎಂದರೂ ಕೊಳ್ಳುವುದಿಲ್ಲ. ಹಾಗಾದರೆ ಏನೆನ್ನಬೇಕು?

ಚೌತಿಗೆ ಮೂರು ವಾರ ಇರುವಾಗ ಹಾಲೆಂಡಿನಿಂದ ಒಂದು ಇ-ಮೇಲ್ ಬಂತು. ಬರೆದವನಿಗೆ ಗೊಂದಲವಾಗಿತ್ತು, ಓದಿದ ನನಗೆ ಅದಕ್ಕಿಂತ ಹೆಚ್ಚು. "ಹಿಂದೆ ಇಲ್ಲೊಂದು ಪಟ್ಟಿ ನೋಡಿದ್ದೆ. ಕೊಳ್ಳೋಣವೆಂದು ಮರಳಿ ಬಂದರೆ ಪಟ್ಟಿ ಇಲ್ಲ. ಇದು ಅದೇ ಅಂಗಡಿಯೇ? ಮೂರನೆಯ ಕುಂದು ಸರಿಯಾಯಿತೇ?" ಎಂದು ಕೇಳಿದ್ದ.

ಸರಿಯಾಗಿರಲಿಲ್ಲ. ಹೊಗಳಿಕೆ ಬರೆಯುವ ಗಡಿಬಿಡಿಯಲ್ಲಿ ಅದನ್ನು ಮುಟ್ಟಲು ಪುರುಸೊತ್ತು ಎಲ್ಲಿ? ಸರಿಯಾಗಿದೆ ಎಂದು ಬರೆದು, ಆಮೇಲೆ ಕೂತು ಸರಿಮಾಡಿದರೆ ಹೇಗೆ ಎಂದು ಸುಮತಿಯನ್ನು ಕೇಳಿದೆ. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು. ತಲೆ ಎತ್ತಲಿಲ್ಲ.

"ಆಯ್ಲಿಲ್ಲ ಅಂದ್ ಬರೀನಿ. ಮುಂಬಯಿಗೆ ಹೋಪುದಾರೆ ಹೋಯ್ನಿ. ಸುಳ್ ಹೇಳಿ ಇಲ್ಲಿ ಉಳ್ಕಣ್ಕ್ ಅಂದೇನಿಲ್ಲ."

ಸುಳ್ಳು ಹೇಳಿ ಉಳಿಯಬೇಕಾಗಿಲ್ಲ, ಹೋಗುವುದಾದರೆ ಹೋಗಿ ಎಂದು ಹೇಳಿದ್ದು ಗಟ್ಟಿಯಾಗಿಯೇ. ಆದರೆ ಆಮೇಲೆ ಬಹಳ ಹೊತ್ತು ಅವಳ ಕೆಂಪು ಪೆನ್ನು ಕಾಗದದ ಮೇಲೆ ಸರಿಯಲಿಲ್ಲ. ನನಗೆ ಅವಳ ಮೇಲೆ ಆ ಹೊತ್ತು ಉಕ್ಕಿಬಂದ ಪ್ರೀತಿಯನ್ನೂ ನಾನು ಹೇಳಿಕೊಳ್ಳಲಿಲ್ಲ.

ಸರಿಯಾಗಿಲ್ಲ ಎಂದು ಬರೆದೆ. ಹಳೆಯ ಪುಟವನ್ನೇ, ಹಳೆಯ ಪಟ್ಟಿಯ ಸಮೇತ, ಮತ್ತೆ ಹಾಕಿದೆ. ಎರಡು ವಾರ ಏನೂ ಬರಲಿಲ್ಲ. ಚೌತಿಗೆ ನಾಲ್ಕು ದಿನ ಉಳಿದಾಗ ಆರ್ಡರ್ ಬಂತು, ಅವನೊಬ್ಬನಿಗಲ್ಲ, ಅವನ ಇಡೀ ಆಫೀಸಿಗೆ. ಜೊತೆಗೆ ಕಾಗದ: ಹಿಂದೆ ಕೊಂಡ ಇನ್ನೊಬ್ಬರ ಕ್ಯಾಲೆಂಡರಿನಲ್ಲೂ ಇದೇ ಫೆಬ್ರವರಿಯ ಕುಂದು ಇತ್ತಂತೆ, ಯಾರೂ ಹೇಳಿರಲಿಲ್ಲವಂತೆ, ಅದನ್ನು ಹುಡುಕುವುದರಲ್ಲಿ ಅವರ ತಿಂಗಳೇ ಹೋಯಿತಂತೆ. "ನಿಮ್ಮದರಲ್ಲಿ ಗುಂಡಿ ಎಲ್ಲಿದೆಯೆಂದು ಗೊತ್ತು, ದಾಟಿಕೊಳ್ಳುತ್ತೇವೆ. ಒಂದೇ ಒಂದು ತಿದ್ದುಪಡಿ: ಮೊದಲ ವಾಕ್ಯ ಸುಳ್ಳು. ಇದರಲ್ಲಿ ಹೇಳಿಕೊಳ್ಳುವಂಥದ್ದು ಬಹಳ ಇದೆ. ದಯವಿಟ್ಟು ಅದನ್ನು ತೆಗೆಯಿರಿ."

ಇಲ್ಲಿ ನಾನು ಪೂರ್ತಿ ತಬ್ಬಿಬ್ಬಾದೆ. ನನ್ನ ಲೆಕ್ಕದಲ್ಲಿ ಮೊದಲ ವಾಕ್ಯವೂ ಕುಂದುಗಳ ಪಟ್ಟಿಯೂ ಒಂದೇ ವಿನಯದ ಎರಡು ತುಂಡುಗಳಾಗಿದ್ದವು. ಅವನು ಎರಡನ್ನೂ ಅಕ್ಷರಶಃ ಓದಿ, ಒಂದನ್ನು ಸತ್ಯವೆಂದು ಕೊಂಡ, ಇನ್ನೊಂದನ್ನು ಸುಳ್ಳೆಂದು ಹಿಡಿದ. ತಲೆತಲಾಂತರದಿಂದ ನಾವು ಸಂಕೋಚ ಎಂದುಕೊಂಡಿದ್ದರಲ್ಲಿ ಎಷ್ಟು ಪಾಲು ಪ್ರಾಮಾಣಿಕತೆ, ಎಷ್ಟು ಪಾಲು ಹೊಗಳಿಸಿಕೊಳ್ಳುವ ಉಪಾಯ? ನನಗೆ ಇವತ್ತಿಗೂ ಬಗೆಹರಿದಿಲ್ಲ. ವಾಕ್ಯವನ್ನೇನೋ ತೆಗೆದೆ, ಹಲ್ಲು ಕೀಳಿಸಿಕೊಂಡ ಹಾಗಾಯಿತು. ಇನ್ನು ಮುಂದೆ ಇದ್ದದ್ದನ್ನು ಇದ್ದ ಹಾಗೆ, ತಲೆ ಎತ್ತಿ ಹೇಳುವವನಾಗುತ್ತೇನೆ ಎಂದು ನಿಶ್ಚಯಿಸಿದೆ.

ಚೌತಿಯ ಹಿಂದಿನ ದಿನ ಭಾವನ ಫೋನು ಬಂತು. "ಗಲ್ಲಾ ಇನ್ನೂ ಖಾಲಿ ಇತ್ತ್ ಭಾವಯ್ಯ, ಟಿಕೇಟ್ ಮಾಡ್ಸುದಾ? ನಿಮ್ ವ್ಯಾಪಾರ ಹ್ಯಾಂಗಿತ್ತ್?"

ಹೇಳಬೇಕಾದ್ದನ್ನೆಲ್ಲ ಬೆಳಗಿನಿಂದ ಬಾಯಿಪಾಠ ಮಾಡಿಟ್ಟಿದ್ದೆ: ಹಾಲೆಂಡು, ಇಡೀ ಆಫೀಸು, ಆ ಕಾಗದ. ಬಾಯಿ ತೆರೆದರೆ ಬಂದದ್ದು ಇಷ್ಟೇ: "ಎಂತ ಇಲ್ಲ ಭಾವ, ಹೀಂಗೇ ಸಣ್ಣಕ್ಕೆ ಒಂಚೂರ್..."

ಸುಮತಿ ಹಣೆ ಚಚ್ಚಿಕೊಂಡಳು. ನಾನು ನಾಲಿಗೆ ಕಚ್ಚಿಕೊಂಡೆ. ಮುಂಬಯಿಯ ಕಡೆಯಿಂದ ಭಾವನ ನಗು ಕೇಳಿಸಿತು.

"ಹೋ! ಅಷ್ಟ್ ಲಾಯ್ಕ್ ಆಯ್ತಾ? ಮೊದ್ಲೇ ಹೇಳುದಲ್ದಾ ಮಾರಾಯ್ರೆ! ಹಾಂಗಾರೆ ಗಲ್ಲಾಕ್ಕೆ ನಾನ್ ಬೇರೆ ಜನ ಹುಡ್ಕ್ತೆ."